ಉಚ್ಚಂಗೆಪ್ಪ ಸತ್ತಿಲ್ಲವೆಂದು ಬೋರ್ಡಿಗೆ ತಿಳಿಸಿದ್ದು

ಸತ್ತ ಮನುಷ್ಯನೊಬ್ಬ ಬೆಳಗ್ಗೆಯಿಂದ ಫೋನ್ ಮಾಡಿ ಬೈಯುತ್ತಿದ್ದಾನೆ ಎಂದು ಮರುಳಪ್ಪ ಅಂಗಡಿಗೆ ಬಂದು ಹೇಳಿದಾಗ, ಪ್ರೇಮಲತಾ ಯಾರದೋ ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಮೋಟಾರಿನ ಸುತ್ತ ಮೂರು ವರ್ಷದ ಚಟ್ನಿ ಒಣಗಿ ಸಿಮೆಂಟಾಗಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆಯುತ್ತಲೇ ಕೇಳಿದಳು.

"ಕೂತ್ಕೊಳ್ರಿ. ಏನಂತ ಬೈತಾನೆ?"

"ಬದುಕಿರೋರು ಬೈಯೋ ಹಂಗೇ ಬೈತಾನೆ ಪ್ರೇಮಕ್ಕಾ. ನಮ್ಮವ್ವನ್ನೂ ಸೇರ್ಸಿ ಬೈದ."

ಮರುಳಪ್ಪ ಚನ್ನಗಿರಿಯ ನಾಲ್ಕೂರು ವರ್ತಕರ ಸಂಘದ ಕಾರ್ಯದರ್ಶಿ. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿ ಬಿಟ್ಟಿಲ್ಲ. ಅವನಷ್ಟು ಒಳ್ಳೆಯ ಕಾರ್ಯದರ್ಶಿ ಇನ್ನೊಬ್ಬನಿಲ್ಲ ಎಂದು ಅವನೂ, ಆ ಕೆಲಸ ಇನ್ನೊಬ್ಬನಿಗೆ ಬೇಡ ಎಂದು ಉಳಿದವರೂ ಒಪ್ಪಿಕೊಂಡಿದ್ದರು. ಸಂಘ ೨೦೦೧ರಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದೊಂದು ಎಲೆಕ್ಟ್ರಾನಿಕ್ ಬೋರ್ಡು ಹಾಕಿಸಿತ್ತು. ಕೆಂಪು ದೀಪದ ಅಕ್ಷರಗಳು ಬಲದಿಂದ ಎಡಕ್ಕೆ ಓಡುವ ಬೋರ್ಡು. ಮಾರುಕಟ್ಟೆಯ ಧಾರಣೆ, ಕರೆಂಟು ಹೋಗುವ ಹೊತ್ತು, ಹಬ್ಬದ ಶುಭಾಶಯ, ಕೊನೆಗೆ ಯಾರಾದರೂ ತೀರಿಕೊಂಡರೆ ಸಂತಾಪ. ಜನ ಉಳಿದದ್ದನ್ನೆಲ್ಲ ಮೊಬೈಲಿನಲ್ಲಿ ನೋಡಲು ಕಲಿತ ಮೇಲೂ ಸಂತಾಪಕ್ಕೆ ಮಾತ್ರ ಬೋರ್ಡನ್ನೇ ನಂಬುತ್ತಿದ್ದರು. ಬೋರ್ಡಿನಲ್ಲಿ ಬಂದರೆ ಸತ್ತಿದ್ದು ಖಾತ್ರಿ.

ಸಂಘದ ಕಚೇರಿಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಪ್ರತಿ ಆಯುಧಪೂಜೆಗೂ ಬಳಿದ ಅರಿಶಿನ ಕುಂಕುಮದಿಂದ ಅದರ ಮೂಲ ಬಣ್ಣ ಯಾವುದೆಂದು ಯಾರಿಗೂ ನೆನಪಿಲ್ಲ. ಅದಕ್ಕೊಂದು ಮೋಡೆಮ್. ಕಂಪ್ಯೂಟರಿನ ಮಾತನ್ನು ಸಿಳ್ಳೆಯಾಗಿ ಮಾಡಿ ಟೆಲಿಫೋನ್ ತಂತಿಯಲ್ಲಿ ಕಳಿಸುವ ಡಬ್ಬಿ ಅದು. ಆ ಕಡೆ ಬೋರ್ಡಿನ ಹಿಂದೆಯೂ ಅಂಥದ್ದೇ ಒಂದು ಡಬ್ಬಿಯಿದ್ದು, ಸಿಳ್ಳೆಯನ್ನು ಬಿಡಿಸಿ ಅಕ್ಷರ ಮಾಡುತ್ತದೆ. ಪ್ರೇಮಲತಾ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ್ದಳು. ಮೋಡೆಮ್ಮಿನ ಸಿಳ್ಳೆ ಕೇಳಿಯೇ ತಂತಿಯ ಯಾವ ಜಾಯಿಂಟಿಗೆ ಮಳೆನೀರು ಇಳಿದಿದೆ ಎಂದು ಹೇಳುತ್ತಿದ್ದಳು. ಆಮೇಲೆ ಸ್ವಯಂನಿವೃತ್ತಿ ಯೋಜನೆ ಬಂತು, ಅವಳು ತೆಗೆದುಕೊಂಡಳು, ಬಸ್‌ಸ್ಟ್ಯಾಂಡಿನ ಹಿಂದೆ ಈ ರಿಪೇರಿ ಅಂಗಡಿ ಇಟ್ಟಳು. ಸಿಳ್ಳೆಗಳಿಗೂ ಅವಳಿಗೂ ಐದು ವರ್ಷದಿಂದ ಸಂಬಂಧವಿರಲಿಲ್ಲ.

ಆಗಿದ್ದು ಇಷ್ಟು. ಹಿಂದಿನ ದಿನ, ಸೋಮವಾರ ಬೆಳಗ್ಗೆ ಹತ್ತೂವರೆಗೆ ಮರುಳಪ್ಪ ತಾನೇ ಕೂತು, "ಬಿಳಿಚೋಡಿನ ಶ್ರೀ ಉಚ್ಚಂಗೆಪ್ಪನವರು ದೈವಾಧೀನರಾದರು. ಸಂಘದ ತೀವ್ರ ಸಂತಾಪ" ಎಂದು ಟೈಪು ಮಾಡಿ ಎಲ್ಲ ಬೋರ್ಡಿಗೂ ಕಳಿಸಿದ್ದ. ಹನ್ನೊಂದು ಗಂಟೆಗೆ ಜಗಳೂರಿನಲ್ಲಿ ರಸ್ತೆ ಅಗಲ ಮಾಡುವವರ ಜೆಸಿಬಿ ಹಳೆಯ ಟೆಲಿಫೋನ್ ಕೇಬಲ್ಲನ್ನು ಬೇರು ಸಮೇತ ಕಿತ್ತು ಹಾಕಿತು. ಹನ್ನೆರಡು ಗಂಟೆಗೆ ಬಿಳಿಚೋಡಿನ ಕುರಿ ವ್ಯಾಪಾರಿ ಉಚ್ಚಂಗೆಪ್ಪ, ವಯಸ್ಸು ಎಪ್ಪತ್ತು, ಜಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಾ ತಲೆಯೆತ್ತಿ ನೋಡಿದರೆ ತಾನು ದೈವಾಧೀನನಾಗಿ ಬಲದಿಂದ ಎಡಕ್ಕೆ ಹೋಗುತ್ತಿದ್ದಾನೆ.

"ತಪ್ಪಾಯ್ತು ಅಂತ ಇನ್ನೊಂದು ಕಳ್ಸಿ, ಅಷ್ಟೇ," ಎಂದಳು ಪ್ರೇಮಲತಾ.

"ಲೈನೇ ಇಲ್ಲಲ್ಲ. ತಾಮ್ರದ ತಂತಿ ಇನ್ಮೇಲೆ ಹಾಕಲ್ಲಂತೆ, ಫೈಬರ್ ತಗೊಳ್ರಿ ಅಂತಾರೆ."

"ಬೋರ್ಡಿನ ಸ್ವಿಚ್ ಆರಿಸ್ರಿ."

ಮರುಳಪ್ಪ ನಿಟ್ಟುಸಿರು ಬಿಟ್ಟ. "ಆರ್ಸಿದ್ವಿ. ಆತನೇ ಬೋರ್ಡಿರೋ ಹೋಟ್ಲೋರ ಜೊತೆ ಜಗಳ ಮಾಡಿ ಮತ್ತೆ ಹಾಕ್ಸಿದಾನೆ."

ಆ ಮಾತನ್ನು ಉಚ್ಚಂಗೆಪ್ಪ ಪ್ರೇಮಲತಾಳಿಗೂ ಫೋನಿನಲ್ಲಿ ವಿವರಿಸಿದ. ಮರುಳಪ್ಪ ಅವಳ ಕೈಗೆ ಫೋನ್ ಕೊಟ್ಟು ಎರಡು ಹೆಜ್ಜೆ ದೂರ ನಿಂತಿದ್ದ.

"ನೋಡ್ರವ್ವ, ದೀಪ ಆರ್ಸಿದ್ರೆ ಜನ ಏನಂತಾರೆ? ಪಾಪ, ಹಳೇ ಸುದ್ದಿ ಆಯ್ತು, ತೆಗೆದ್ರು ಅಂತಾರೆ. ಸತ್ತೋನು ಸತ್ತಂಗೇ ಉಳ್ಕಂತಾನೆ. ಯಾವ ಬೋರ್ಡ್ನಾಗೆ ಸಾಯ್ಸಿದಾರೋ ಅದೇ ಬೋರ್ಡ್ನಾಗೆ ಬದುಕ್ಸಬೇಕು. ಅಷ್ಟೇ ದಪ್ಪ ಅಕ್ಷರ, ಅಷ್ಟೇ ದಿನ. ಅಲ್ಲೀತಂಕ ಅದು ಉರೀಲಿ."

"ಆಫೀಸಿನ ಕಂಪ್ಯೂಟರ್ ಹೊತ್ಕೊಂಡು ಜಗಳೂರಿಗೇ ಹೋಗಿ ಬೋರ್ಡಿಗೆ ನೇರ ಸಿಗಿಸಿದ್ರೆ?" ಎಂದು ಮರುಳಪ್ಪ ಕೇಳಿದ. ಬೋರ್ಡಿಗೆ ಅಕ್ಷರ ಕಳಿಸುವ ಪ್ರೋಗ್ರಾಮ್ ಇದ್ದದ್ದು ಅದೊಂದರಲ್ಲೇ. ಪ್ರೇಮಲತಾ ಕಚೇರಿಗೆ ಹೋಗಿ ಅದರ ಡಿಸ್ಕಿನ ಸದ್ದಿಗೆ ಕಿವಿಗೊಟ್ಟಳು. ಒಳಗೆ ಯಾರೋ ಹುರಿಗಡಲೆ ಅಗಿಯುತ್ತಿರುವಂತಿತ್ತು. "ಇದನ್ನ ಅಲ್ಲಾಡ್ಸಿದ್ರೆ ಇದಕ್ಕೂ ಒಂದು ಸಂತಾಪ ಬರೀಬೇಕಾಗುತ್ತೆ," ಎಂದು ಎದ್ದಳು.

ಉಚ್ಚಂಗೆಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಬುಧವಾರದಿಂದ ಬಂದು ಬೋರ್ಡಿನ ಕೆಳಗೇ ಕಂಬಳಿ ಹಾಸಿ ಕೂತ. ನೋಡಿದವರಿಗೆಲ್ಲ ಮೇಲಿರುವ ಉಚ್ಚಂಗೆಪ್ಪ ನಾನೇ ಎಂದು ಹೇಳುತ್ತಿದ್ದ. ಕೆಲವರು ನಕ್ಕರು, ಕೆಲವರು ಫೋಟೋ ಹೊಡೆದುಕೊಂಡರು. ಉಚ್ಚಂಗಿದುರ್ಗದ ಬಸ್ಸಿಳಿದ ಹೆಂಗಸೊಬ್ಬಳು, "ತಮ್ಮ ಇರಬೇಕು, ಮುಖ ಅವನದೇ ಐತೆ, ದುಃಖಕ್ಕೆ ತಲೆ ಕೆಟ್ಟೈತೆ" ಎಂದು ಹತ್ತು ರೂಪಾಯಿ ಇಟ್ಟು ಹೋದಳಂತೆ. ಅವತ್ತು ಅವನು ಮರುಳಪ್ಪನಿಗೆ ಬೈದದ್ದನ್ನು ಮರುಳಪ್ಪ ಯಾರಿಗೂ ಹೇಳಲಿಲ್ಲ.

ಶುಕ್ರವಾರ ಸಂಘ ಜಗಳೂರಿನ ಹೋಟೆಲಿನ ಮಹಡಿಗೆ ಫೈಬರ್ ಸಂಪರ್ಕ ಹಾಕಿಸಿತು. ಚನ್ನಗಿರಿಯ ಕಚೇರಿಯಲ್ಲಿ ಮೊದಲೇ ಇತ್ತು. ಫೈಬರಿನ ಡಬ್ಬಿಯ ಹಿಂದೆ ಫೋನ್ ಸಿಗಿಸುವ ತೂತೊಂದಿರುತ್ತದೆ. ಅದನ್ನು ಕಂಡ ಮರುಳಪ್ಪನಿಗೆ ಖುಷಿಯೋ ಖುಷಿ.

"ಇಲ್ಲೇ ಐತಲ್ಲ ಪ್ರೇಮಕ್ಕಾ, ಫೋನಿನ ತೂತು. ಮೋಡೆಮ್ ಸಿಗ್ಸಿ."

"ಸಿಗ್ಸಬೋದು. ಆದ್ರೆ ಕೆಲ್ಸ ಮಾಡಲ್ಲ."

"ಯಾಕೆ ಮಾಡಲ್ಲ? ನಾನು ಇದರಾಗೇ ನಮ್ಮ ಬೀಗರ ಜೊತೆ ಗಂಟೆಗಟ್ಲೆ ಮಾತಾಡ್ತೀನಿ."

ಪ್ರೇಮಲತಾ ತಾಳ್ಮೆಯಿಂದ ಹೇಳಿದಳು. ಈ ಫೋನು ಇಂಟರ್ನೆಟ್ಟಿನ ಮೇಲೆ ಹೋಗುತ್ತದೆ. ದನಿಯನ್ನು ತುಂಡು ತುಂಡು ಮಾಡಿ, ಹಿಂಡಿ, ಸಣ್ಣ ಮಾಡಿ ಕಳಿಸುತ್ತದೆ. ದಾರಿಯಲ್ಲಿ ನಾಲ್ಕು ತುಂಡು ಬಿದ್ದುಹೋದರೂ ಬೀಗರ ಮಾತು ತಿಳಿಯುತ್ತದೆ, ಯಾಕೆಂದರೆ ಬೀಗರು ಹೇಳಿದ್ದನ್ನೇ ಹೇಳುತ್ತಿರುತ್ತಾರೆ. ಮೋಡೆಮ್ಮಿನ ಸಿಳ್ಳೆಯಲ್ಲಿ ಒಂದು ಚೂರು ಬಿದ್ದರೂ ಒಂದು ಅಕ್ಷರ ಹೋಯಿತು. ಮರುಳಪ್ಪ ಎಲ್ಲವನ್ನೂ ಕೇಳಿ, "ಒಂದು ಸಲ ನೋಡಾನ" ಎಂದ. ಅವಳಿಗೂ, ಐದು ವರ್ಷದ ಮೇಲೆ ಆ ಸಿಳ್ಳೆ ಕೇಳುವ ಆಸೆ ಎಲ್ಲೋ ಇತ್ತೆಂದು ಕಾಣುತ್ತದೆ. ಹೂಂ ಎಂದುಬಿಟ್ಟಳು. ಅದು ಅವಳ ತಪ್ಪು, ಆಮೇಲೆ ಒಪ್ಪಿಕೊಂಡಳು ಕೂಡ.

ಮರುಳಪ್ಪ ಟೈಪು ಮಾಡಿದ. "ಬಿಳಿಚೋಡಿನ ಶ್ರೀ ಉಚ್ಚಂಗೆಪ್ಪನವರು ದೈವಾಧೀನರಾಗಿಲ್ಲ. ಕ್ಷೇಮವಾಗಿದ್ದಾರೆ. ಸಂಘದ ವಿಷಾದ." ಗುಂಡಿ ಒತ್ತಿದ. ಮೋಡೆಮ್ ಸಿಳ್ಳೆ ಹಾಕಿತು, ಆ ಕಡೆಯದು ಉತ್ತರ ಕೊಟ್ಟಿತು. ಪ್ರೇಮಲತಾಳಿಗೆ ಅದು ನೆಗಡಿಯಾದವರು ಹಾಡಿದಂತೆ ಕೇಳಿಸಿತು. ಅರ್ಧಕ್ಕೆ ಸಿಳ್ಳೆ ಬಿಕ್ಕಳಿಸಿ ನಿಂತುಹೋಯಿತು.

ಐದು ನಿಮಿಷಕ್ಕೆ ಉಚ್ಚಂಗೆಪ್ಪನ ಫೋನು ಬಂತು. ಈ ಸಲ ಅವನ ದನಿ ಮೆತ್ತಗಿತ್ತು. ಅದು ಬೈಗುಳಕ್ಕಿಂತ ಭಯ ಹುಟ್ಟಿಸುವಂತಿತ್ತು.

"ಅವ್ವಾ, ಈಗ ಏನು ಬಂದೈತೆ ಗೊತ್ತಾ? 'ಬಿಳಿಚೋಡಿನ ಶ್ರೀ ಉಚ್ಚಂಗೆಪ್ಪನವರು ದೈವಾಧೀನರಾಗಿ ೧೧.' ಅಷ್ಟೇ. ಅದೇ ಓಡ್ತಾ ಐತೆ."

"ಇಲ್ಲ" ಎನ್ನುವುದು ದಾರಿಯಲ್ಲಿ ಬಿದ್ದುಹೋಗಿತ್ತು. ಕೊನೆಯ ೧೧ ಕೆಟ್ಟ ಅಕ್ಷರದ ಕಸ. ಅದು ಕಸವೆಂದು ಪ್ರೇಮಲತಾಳಿಗೆ ಗೊತ್ತು, ಜಗಳೂರಿನ ಸೀಮೆಗೆ ಹೇಗೆ ಗೊತ್ತಾಗಬೇಕು? ಜನ ಓದಿದರು, ಲೆಕ್ಕ ಹಾಕಿದರು. ಸೋಮವಾರ ಸತ್ತವನಿಗೆ ಮುಂದಿನ ಗುರುವಾರ ಹನ್ನೊಂದನೇ ದಿನ. ಕರೆಯುತ್ತಿದ್ದಾರೆ, ಹೋಗಬೇಕು.

ಗುರುವಾರ ಪ್ರೇಮಲತಾ ಬಿಳಿಚೋಡಿಗೆ ಹೊರಟಳು. ಫೋನಿನಲ್ಲಿ ಕೇಳುವ ಕ್ಷಮೆ ಸಾಲದು ಎಂದು ಅವಳ ಮನಸ್ಸು ಹೇಳುತ್ತಿತ್ತು. ದಾವಣಗೆರೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ಹನ್ನೆರಡರ ಹೊತ್ತಿಗೆ ಇಳಿದರೆ ಉಚ್ಚಂಗೆಪ್ಪನ ಮನೆ ಯಾವುದೆಂದು ಕೇಳುವ ಅಗತ್ಯವೇ ಬೀಳಲಿಲ್ಲ. ಎರಡು ಟಂಟಂ ಆಟೋ, ಒಂದು ಟ್ರ್ಯಾಕ್ಟರ್ ನಿಂತಿದ್ದ ಮನೆ. ಅಂಗಳದಲ್ಲಿ ಮೂವತ್ತು ಮೂವತ್ತೈದು ಜನ ಸಾಲಾಗಿ ಕೂತು ಉಣ್ಣುತ್ತಿದ್ದರು.

ಒಲೆಯ ಹತ್ತಿರ ಉಚ್ಚಂಗೆಪ್ಪನ ಹೆಂಡತಿ ಹನುಮಂತಮ್ಮ ಮುದ್ದೆ ತಿರುವುತ್ತಿದ್ದಳು. ಪ್ರೇಮಲತಾ ತಾನು ಯಾರೆಂದು ಹೇಳಿಕೊಂಡಳು.

"ಬೋರ್ಡಿನೋರಾ? ಬರ್ರಿ. ಆ ಸೌಟು ಕೊಡ್ರಿ ಇತ್ತಾಗೆ."

"ಅಮ್ಮಾ, ಇವ್ರಿಗೆಲ್ಲ ಯಾಕೆ ಊಟ ಹಾಕ್ತಿದೀರಿ? ಸತ್ತಿಲ್ಲ ಅಂತ ಹೇಳಿ ಕಳ್ಸಬಾರ್ದಾ?"

"ಹೇಳಿದ್ವಿ. ಹೌದಾ, ಒಳ್ಳೇದಾಯ್ತು ಅಂದ್ರು. ಬಿಸ್ಲಾಗೆ ಬಂದೋರು, ಹಸ್ಕೊಂಡು ಹೋಗ್ರಿ ಅನ್ನಾಕಾಗ್ತೈತಾ? ಬದುಕಿದ್ದಾಗ ಈ ಮನೆಗೆ ಇಷ್ಟು ಜನ ಯಾವತ್ತೂ ಬಂದಿಲ್ಲ ಕಣ್ರವ್ವ. ಸತ್ತ ಮೇಲೆ ಇವಂದು ಮರ್ಯಾದೆ ಜಾಸ್ತಿ ಆಗೈತೆ."

ಉಚ್ಚಂಗೆಪ್ಪ ತನ್ನ ಹನ್ನೊಂದನೇ ದಿನಕ್ಕೆ ತಾನೇ ಬಡಿಸುತ್ತಿದ್ದ. ತಲೆಗೆ ಟವೆಲ್ ಸುತ್ತಿ, ಸಾರಿನ ಬಕೆಟ್ಟು ಹಿಡಿದು ಸಾಲಿನ ತುದಿಯಿಂದ ತುದಿಗೆ ಓಡಾಡುತ್ತಿದ್ದ. ದೂರದ ಊರಿನ ಮುದುಕನೊಬ್ಬ ಮುಖವೆತ್ತದೆ ಮುದ್ದೆ ಮುರಿಯುತ್ತಾ ಪಕ್ಕದವನಿಗೆ ಹೇಳಿದ. "ಉಚ್ಚಂಗ ಇದ್ದಿದ್ರೆ ಈ ಪಾಟಿ ಸಾರು ಹಾಕ್ತಿದ್ನಾ? ಜಿಪುಣ ಅವನು. ಹೆಂಡ್ತಿ ಕೈ ದೊಡ್ಡದು."

ಉಚ್ಚಂಗೆಪ್ಪ ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತ. ಪ್ರೇಮಲತಾ ಜಗಳಕ್ಕೆ ಕಾದಳು. ಅವನು ಬಗ್ಗಿ ಆ ಮುದುಕನ ತಟ್ಟೆಗೆ ಇನ್ನೂ ಎರಡು ಸೌಟು ಸಾರು ಸುರಿದ. ತಟ್ಟೆ ತುಂಬಿ ಪಂಚೆಯ ಮೇಲೆ ಹರಿಯಿತು. ಮುದುಕ ತಲೆಯೆತ್ತಿ ನೋಡಿ, "ಅಯ್ಯೋ, ಇಲ್ಲೇ ಅದೀಯಾ" ಎಂದ. ಅಷ್ಟೇ. ಇಬ್ಬರೂ ನಕ್ಕರೆಂದು ಹೇಳಲಾಗದು, ಆದರೆ ಮುದುಕ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಎಲ್ಲರೂ ಹೋದ ಮೇಲೆ ಉಚ್ಚಂಗೆಪ್ಪ ಕಟ್ಟೆಯ ಮೇಲೆ ಅವಳ ಎದುರು ಕೂತ.

"ಇನ್ನೆಷ್ಟು ದಿನ ತಾಯಿ? ವರ್ಷದ ತಿಥಿಗೂ ನಾನೇ ಬಡಿಸ್ಬೇಕಾ?"

"ಒಂದು ವಾರ ಕೊಡ್ರಿ ಯಜಮಾನ್ರೇ. ಈ ಸಲ ಸಿಳ್ಳೆ ಬೇಡ. ಬೇರೆ ದಾರಿ ಐತೆ."

ದಾರಿ ಅವಳಿಗೆ ಬಸ್ಸಿನಲ್ಲೇ ಹೊಳೆದಿತ್ತು. ಕಂಪ್ಯೂಟರಿಗೆ ಹೇಗಿದ್ದರೂ ಸಿಳ್ಳೆ ಗೊತ್ತಿಲ್ಲ, ಬೋರ್ಡಿಗೂ ಗೊತ್ತಿಲ್ಲ. ಅವೆರಡಕ್ಕೂ ಗೊತ್ತಿರುವುದು ತಮ್ಮ ಪಕ್ಕದ ಮೋಡೆಮ್ ಜೊತೆ ಆಡುವ ನಾಲ್ಕು ಮಾತು. ಈ ನಂಬರು ತಿರುಗಿಸು. ಸಿಕ್ಕಿತು. ಸಿಗಲಿಲ್ಲ. ಇಡು. ಹಾಗಾದರೆ ಎರಡೂ ಕಡೆಯ ಮೋಡೆಮ್ ಕಿತ್ತು, ಮೋಡೆಮ್ಮಿನ ವೇಷ ಹಾಕಿದ ಬೇರೆ ಡಬ್ಬಿ ಇಟ್ಟರಾಯಿತು. ಕಂಪ್ಯೂಟರು ಎಂದಿನಂತೆ ಜಗಳೂರಿನ ನಂಬರು ತಿರುಗಿಸು ಎನ್ನುತ್ತದೆ. ಡಬ್ಬಿ ಹೂಂ ಎಂದು, ಅಕ್ಷರಗಳನ್ನು ಅಕ್ಷರಗಳಾಗಿಯೇ ಇಂಟರ್ನೆಟ್ಟಿನಲ್ಲಿ ಕಳಿಸಿ, ಸಿಕ್ಕಿತು ಎನ್ನುತ್ತದೆ. ಹಳೆಯ ಕಂಪ್ಯೂಟರಿಗೆ ತಾಮ್ರದ ತಂತಿ ಹೋದ ಸುದ್ದಿಯನ್ನೇ ತಿಳಿಸಬೇಕಾಗಿಲ್ಲ. ವಯಸ್ಸಾದವರಿಗೆ ಎಲ್ಲವನ್ನೂ ಯಾಕೆ ಹೇಳಬೇಕು?

ಅಂಥ ಡಬ್ಬಿಗಳು ಮಾರಾಟಕ್ಕಿದ್ದವು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು, ಮೂರು ತರಿಸಿದಳು. ಮೂರನೆಯದು ಯಾಕೆಂದು ಮರುಳಪ್ಪ ಕೇಳಿದ. ಇರಲಿ ಎಂದಳು. ಎರಡು ದಿನ ಅಂಗಡಿಯಲ್ಲೇ ಕೂತು ಡಬ್ಬಿಗಳಿಗೆ ಪಾಠ ಹೇಳಿದಳು. ಆ ಕಂಪ್ಯೂಟರು ಹಳೆಯ ಕಾಲದ ವೇಗ ಹೇಳಿ "ಕನೆಕ್ಟ್ ೧೨೦೦" ಎಂದರೆ ಮಾತ್ರ ಒಪ್ಪುತ್ತದೆ, ಡಬ್ಬಿ ಗರ್ವದಿಂದ "ಕನೆಕ್ಟ್ ೯೬೦೦" ಎನ್ನುತ್ತಿತ್ತು. ಅದಕ್ಕೆ ಸುಳ್ಳು ಹೇಳಲು ಕಲಿಸಿದಳು.

ಅಷ್ಟರಲ್ಲಿ ಜಗಳೂರಿನ ಫೈಬರನ್ನು ಅದೇ ಜೆಸಿಬಿ ಕಿತ್ತಿತು. ಸಿಮ್ ಹಾಕುವ ರೂಟರ್ ತಂದಳು. ಸಿಮ್ಮಿನದೊಂದು ತಕರಾರು. ಅದರಿಂದ ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾಗದು. ಅದಕ್ಕೂ ಉಪಾಯ ಮಾಡಿದಳು. ಜಗಳೂರಿನ ಡಬ್ಬಿಯೇ ಮೊದಲು ಚನ್ನಗಿರಿಯ ಡಬ್ಬಿಗೆ ಬಂದು ಬಾಗಿಲಲ್ಲಿ ಕಾದಿರುವುದು, ಕಂಪ್ಯೂಟರು ಕರೆದ ಕೂಡಲೇ ಓ ಎನ್ನುವುದು. ಕರೆದವರು ಯಾರು, ಬಂದವರು ಯಾರು ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಮುಂದಿನ ಬುಧವಾರ ಬೆಳಗ್ಗೆ ಪ್ರೇಮಲತಾ ಜಗಳೂರಿನ ಹೋಟೆಲಿನ ಮಹಡಿಯ ಸಣ್ಣ ಕೋಣೆಯಲ್ಲಿ, ಬೋರ್ಡಿನ ಬೆನ್ನ ಹಿಂದೆ, ಈರುಳ್ಳಿ ಚೀಲಗಳ ಮಧ್ಯೆ ಕೂತಿದ್ದಳು. ಹಳೆಯ ಮೋಡೆಮ್ ಕಿತ್ತಾಗ ಅದರ ಕೆಳಗಿನಿಂದ ಒಂದು ಹಲ್ಲಿ ಓಡಿಹೋಯಿತು. ಡಬ್ಬಿ ಸಿಗಿಸಿದಳು, ದೀಪ ಹತ್ತಿತು. ಕೆಳಗೆ ಬೀದಿಯಲ್ಲಿ ಉಚ್ಚಂಗೆಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು, ಬೋರ್ಡು ಪೂರ್ತಿ ಕಾಣುವಷ್ಟು ದೂರದಲ್ಲಿ ನಿಂತಿದ್ದ. ಚನ್ನಗಿರಿಯಲ್ಲಿ ಮರುಳಪ್ಪ ಕಂಪ್ಯೂಟರಿನ ಮುಂದೆ, ಕಿವಿಗೆ ಫೋನು.

"ಒತ್ರಿ."

"ಒತ್ತಿದೆ. 'ಕನೆಕ್ಟ್ ೧೨೦೦' ಬಂತು. ಪ್ರೇಮಕ್ಕಾ, ಬಂತು. ಹೋಯ್ತು."

"ಏನು ಹೋಯ್ತು?"

"'ನೋ ಕ್ಯಾರಿಯರ್' ಅಂತೈತೆ."

ಮೂರು ಸಲ ಹಾಗೇ ಆಯಿತು. ಸಿಗುವುದು, ತಕ್ಷಣ ಇಟ್ಟುಬಿಡುವುದು. ಪ್ರೇಮಲತಾ ಈರುಳ್ಳಿ ಚೀಲಕ್ಕೆ ಒರಗಿ ಕಣ್ಣು ಮುಚ್ಚಿದಳು. ಅಂಗಡಿಯಲ್ಲಿ ತನ್ನ ಲ್ಯಾಪ್‌ಟಾಪಿನಿಂದ ಪರೀಕ್ಷೆ ಮಾಡಿದಾಗ ಅಕ್ಷರಗಳು ಸರಿಯಾಗಿಯೇ ಹೋಗಿದ್ದವು. ಲ್ಯಾಪ್‌ಟಾಪ್ ಇಂದಿನದು, ನಾಚಿಕೆಯಿಲ್ಲದ್ದು, ಲೈನಿದೆಯೇ ಎಂದು ಕೇಳದೆಯೇ ಮಾತಾಡುತ್ತದೆ. ಹಳೆಯ ಕಂಪ್ಯೂಟರು ಶಿಸ್ತಿನದು. ಕೇಬಲ್ಲಿನ ಒಂದು ತಂತಿಯಲ್ಲಿ, ಆ ಕಡೆಯವರು ಇನ್ನೂ ಇದ್ದಾರೆ ಎಂಬ ಸನ್ನೆ ಬರುತ್ತಲೇ ಇರಬೇಕು. ಇಲ್ಲದಿದ್ದರೆ ಆ ಕಡೆ ಯಾರೂ ಇಲ್ಲವೆಂದು ಇಟ್ಟುಬಿಡುತ್ತದೆ. ಹೊಸ ಡಬ್ಬಿ ಆ ಸನ್ನೆ ಕೊಡುವುದಿಲ್ಲ. ಕೇಬಲ್ಲಿನ ಪ್ಲಗ್ಗಿನಲ್ಲೇ ಎರಡು ಲೋಹದ ಕಾಲುಗಳನ್ನು ಸೇರಿಸಿದರೆ ಕಂಪ್ಯೂಟರು ತನ್ನ ಸನ್ನೆಯನ್ನೇ ತಾನು ನೋಡಿ ಸಮಾಧಾನಪಡುತ್ತದೆ. ಐದು ನಿಮಿಷದ ಕೆಲಸ, ಆದರೆ ಕೇಬಲ್ಲಿರುವುದು ಚನ್ನಗಿರಿಯಲ್ಲಿ.

"ಮರುಳಪ್ಪನೋರೇ, ಕಾಗದ ಸಿಗ್ಸೋ ಜೆಮ್ ಕ್ಲಿಪ್ ಐತಾ?"

"ಐತೆ. ಯಾಕೆ?"

"ಕಂಪ್ಯೂಟರಿನ ಹಿಂದೆ ಅಗಲದ ಪ್ಲಗ್ಗೈತಲ್ಲ, ಅದರ ಮುಚ್ಚಳ ಬಿಚ್ಚೇ ಇಟ್ಟಿದೀನಿ. ಒಳಗೆ ಎರಡು ಸಾಲು ಕಾಲು ಕಾಣ್ತಾವೆ. ಒಂದು ಅಂತ ಬರ್ದಿರೋ ಕಡೆಯಿಂದ ಎಣಿಸ್ರಿ. ಆ ಸಾಲಿನ ಎಂಟನೇದು, ಇನ್ನೊಂದು ಸಾಲಿನ ಏಳನೇದು. ಅಕ್ಕಪಕ್ಕ ಅದಾವೆ. ಎರಡಕ್ಕೂ ತಾಗೋ ಹಂಗೆ ಕ್ಲಿಪ್ ಸಿಗ್ಸ್ರಿ."

ಫೋನಿನಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಶಾಕ್ ಹೊಡೆದ್ರೆ?"

"ಹೊಡೆಯಲ್ಲ. ಟಾರ್ಚಿನ ಸೆಲ್ ಇದ್ದಂಗೆ ಅದು."

"ನನಗೆ ಶುಗರ್ ಐತೆ ಪ್ರೇಮಕ್ಕಾ."

"ಶುಗರಿಗೂ ಅದಕ್ಕೂ ಸಂಬಂಧ ಇಲ್ಲ. ಹೊಡೆದ್ರೆ ಬೋರ್ಡು ಹೆಂಗೂ ರೆಡಿ ಐತಲ್ಲ, ಹೆಸರು ಬದ್ಲಾಯಿಸಿದ್ರಾಯ್ತು."

ಮರುಳಪ್ಪ ರಬ್ಬರ್ ಚಪ್ಪಲಿ ಹುಡುಕಿ ಹಾಕಿಕೊಂಡ. ಕೈಗೆ ಕರವಸ್ತ್ರ ಸುತ್ತಿಕೊಂಡ. ಮೇಜಿನ ಕೆಳಗೆ ತೂರಿಕೊಂಡ ಸದ್ದು, ಏನೋ ಬಿದ್ದ ಸದ್ದು, ದೇವರ ಹೆಸರು, ಆಮೇಲೆ ಎಣಿಕೆ ಎಲ್ಲವೂ ಪ್ರೇಮಲತಾಳಿಗೆ ಕೇಳಿಸಿತು. ನಾಲ್ಕರಲ್ಲಿ ತಪ್ಪಿ ಎರಡು ಸಲ ಮೊದಲಿಂದ ಎಣಿಸಿದ. ಹತ್ತೊಂಬತ್ತು ವರ್ಷದಲ್ಲಿ ಸಂಘಕ್ಕಾಗಿ ಅವನು ಮಾಡಿದ ಮೊದಲ ಕೈಕೆಲಸ ಅದು. ಮೇಲೆದ್ದಾಗ ಅವನ ಉಸಿರು ಬೆಟ್ಟ ಹತ್ತಿದವನಂತಿತ್ತು.

"ಸಿಗ್ಸಿದೆ. ಒತ್ತಿದೆ. 'ಕನೆಕ್ಟ್' ಬಂತು. ನಿಂತೈತೆ. ನಿಂತೇ ಐತೆ. ಗೆರೆ ಓಡ್ತಾ ಐತೆ ಪ್ರೇಮಕ್ಕಾ. 'ತಲುಪಿದೆ' ಅಂತು."

ಸಿಳ್ಳೆಯಿರಲಿಲ್ಲ, ಸದ್ದೇ ಇರಲಿಲ್ಲ. ಡಬ್ಬಿಯ ಹಸಿರು ದೀಪ ಎರಡು ಸಲ ಮಿಣುಕಿತು, ಅಷ್ಟೇ. ಪ್ರೇಮಲತಾಳಿಗೆ ಒಂದು ಕ್ಷಣ ಏನೋ ಕಳೆದುಕೊಂಡಂತಾಯಿತು. ಮೆಟ್ಟಿಲಿಳಿದು ಬೀದಿಗೆ ಬಂದಳು.

"ಬಿಳಿಚೋಡಿನ ಶ್ರೀ ಉಚ್ಚಂಗೆಪ್ಪನವರು ದೈವಾಧೀನರಾಗಿಲ್ಲ. ಕ್ಷೇಮವಾಗಿದ್ದಾರೆ. ಸಂಘದ ವಿಷಾದ."

ಅಕ್ಷರ ಅಷ್ಟೇ ದಪ್ಪ, ಒಂದೂ ಬಿದ್ದಿರಲಿಲ್ಲ. ಉಚ್ಚಂಗೆಪ್ಪ ಅದನ್ನು ನಾಲ್ಕು ಸುತ್ತು ಓದಿದ. ಆಮೇಲೆ ಸುತ್ತ ನೋಡಿದ. ದಾವಣಗೆರೆ ಬಸ್ಸು ಬಂದಿತ್ತು, ಜನ ಸೀಟಿಗಾಗಿ ಕಿಟಕಿಯಿಂದ ಟವೆಲ್ ಎಸೆಯುತ್ತಿದ್ದರು. ಒಬ್ಬ ತಲೆಯೆತ್ತಿ ಓದಿ, ಆಕಳಿಸಿ, ಬಸ್ಸು ಹತ್ತಿದ. ಇನ್ಯಾರೂ ನೋಡಲಿಲ್ಲ.

"ಸತ್ತಾಗ ಟ್ರ್ಯಾಕ್ಟ್ರಿನಾಗೆ ಬಂದ್ರು," ಎಂದ ಉಚ್ಚಂಗೆಪ್ಪ. "ಈಗ ಒಬ್ಬನೂ ತಿರುಗಿ ನೋಡಲ್ಲ."

"ಬದುಕಿರೋದು ಸುದ್ದಿ ಅಲ್ಲ ಯಜಮಾನ್ರೇ. ಬರ್ರಿ, ಟೀ ಕುಡಿಯಾನ."

ಹೋಟೆಲಿನಲ್ಲಿ ಟೀ ತಟ್ಟೆಗೆ ಸುರಿದುಕೊಂಡು ಅವನು ಬಹಳ ಹೊತ್ತು ಊದಿದ. ಆಮೇಲೆ ಕೇಳಿದ.

"ಹಂಗಾರೆ ಸತ್ತೋನು ಯಾರು?"

ಪ್ರೇಮಲತಾ ಟೀ ಲೋಟ ಕೆಳಗಿಟ್ಟಳು. ಹದಿನೇಳು ದಿನದಲ್ಲಿ ಈ ಪ್ರಶ್ನೆಯನ್ನು ಮರುಳಪ್ಪ ಕೇಳಿರಲಿಲ್ಲ, ಜಗಳೂರು ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ. ಮರುಳಪ್ಪನಿಗೆ ಫೋನ್ ಮಾಡಿದಳು. ಅವನು ಸಂತಾಪ ಬರೆಸಿಕೊಳ್ಳುವ ಪುಸ್ತಕ ತೆರೆದು ಓದಿದ. ಉಚ್ಚಂಗೆಪ್ಪ, ಮೈಕ್‌ಸೆಟ್ ರಿಪೇರಿ, ಹುಟ್ಟೂರು ಬಿಳಿಚೋಡು, ನಲವತ್ತು ವರ್ಷದಿಂದ ನ್ಯಾಮತಿಯಲ್ಲಿ ವಾಸ. ಬರೆಸಿದವರು ಮಗಳು ಅಕ್ಷಿತಾ. ಬೋರ್ಡಿಗೆ ಉದ್ದವಾಗುತ್ತದೆಂದು ಮರುಳಪ್ಪ ಮೈಕನ್ನೂ ನ್ಯಾಮತಿಯನ್ನೂ ಬಿಟ್ಟಿದ್ದ.

ಅಕ್ಷಿತಾ ಫೋನ್ ಎತ್ತಿದಳು. ಪ್ರೇಮಲತಾ ನಡೆದದ್ದನ್ನು ಹೇಳಿದಳು. ಆ ಹುಡುಗಿ ಸಿಟ್ಟಾಗಲಿಲ್ಲ.

"ನಮ್ಮೂರ ಬೋರ್ಡು ಆರು ತಿಂಗ್ಳಿಂದ ದೀಪಾವಳಿ ಶುಭಾಶಯ ಅಂತಾನೇ ತೋರಿಸ್ತೈತೆ ಮೇಡಂ. ನಾನು ಅಮ್ಮನ್ನ ಕರ್ಕೊಂಡು ನಾಲ್ಕು ದಿನ ಹೋಗಿ ನಿಂತಿದ್ದೆ. ಅಪ್ಪಂದು ಬರುತ್ತೆ, ಬರುತ್ತೆ ಅಂತ. ಆಮೇಲೆ ಬಿಟ್ವಿ."

ನ್ಯಾಮತಿಯ ಲೈನು ಸತ್ತಿದ್ದನ್ನು ಕಂಪ್ಯೂಟರು ಆರು ತಿಂಗಳಿಂದ "ತಲುಪಿಲ್ಲ" ಎಂದು ದಿನಾ ತೋರಿಸಿತ್ತು. ಓದುವವರಿರಲಿಲ್ಲ. ಹೊನ್ನಾಳಿಯದು ಎರಡು ವರ್ಷದಿಂದ ತಲುಪಿಲ್ಲ, ಅಲ್ಲಿ ಬೋರ್ಡಿನ ಮೇಲೆ ಹೋಟೆಲಿನವರು ಟವೆಲ್ ಒಣಗಿಸುತ್ತಾರೆ.

"ನಾಳೆ ಬರ್ತೀನಿ," ಎಂದಳು ಪ್ರೇಮಲತಾ. ಮೂರನೆಯ ಡಬ್ಬಿ ಅಂಗಡಿಯಲ್ಲಿತ್ತು.

"ನಾನೂ ಬರ್ತೀನಿ," ಎಂದ ಉಚ್ಚಂಗೆಪ್ಪ. ಯಾಕೆಂದು ಅವಳು ಕೇಳಲಿಲ್ಲ. ಅವನೇ ಹೇಳಿದ. "ಅವನ ಪಾಲಿನ ಊಟ ನಮ್ಮನ್ಯಾಗಾಯ್ತು. ಜನ ಬಂದಿದ್ದು ನನಗೇ ಅಂದ್ಕೊಂಡಿದ್ದೆ."

ಮರುದಿನ ಅವನು ದಾವಣಗೆರೆ, ಹೊನ್ನಾಳಿ ಎಂದು ಮೂರು ಬಸ್ಸು ಬದಲಿಸಿ ನ್ಯಾಮತಿಗೆ ಬಂದ. ಬಗಲಲ್ಲೊಂದು ಚೀಲ. ಹನುಮಂತಮ್ಮ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದಳು. ಬೋರ್ಡಿನ ಎದುರಿಗೆ ಅಕ್ಷಿತಾ ಮತ್ತು ಅವಳ ತಾಯಿ ಮೊದಲೇ ಬಂದು ನಿಂತಿದ್ದರು. ಉಚ್ಚಂಗೆಪ್ಪ ತನ್ನ ಹೆಸರು ಹೇಳಿದಾಗ ಆ ತಾಯಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನಮ್ಮೋರು ಹೇಳ್ತಿದ್ರು," ಎಂದಳು. "ಬಿಳಿಚೋಡಿನಾಗೆ ನನ್ನ ಹೆಸರಿನೋನು ಇನ್ನೊಬ್ಬ ಅದಾನೆ, ಸಣ್ಣೋನಿದ್ದಾಗ ಇಸ್ಕೂಲ್ನಾಗೆ ಅವನು ಮಾಡಿದ ತಪ್ಪಿಗೆ ಮೇಷ್ಟ್ರು ನನಗೆ ಹೊಡೀತಿದ್ರು ಅಂತ."

ಉಚ್ಚಂಗೆಪ್ಪ ಯೋಚಿಸಿದ. ಅವನ ಮುಖದಲ್ಲಿ ಅರವತ್ತು ವರ್ಷ ಹಿಂದಕ್ಕೆ ಹೋಗಿ ಬಂದದ್ದು ಕಂಡಿತು. "ಉಚ್ಚ," ಎಂದ ಮೆಲ್ಲಗೆ. "ಗುಂಗುರು ಕೂದ್ಲಿತ್ತು ಅವಂಗೆ."

"ಕಡೀತಂಕ ಇತ್ತು," ಎಂದಳು ಅವಳು.

ಪ್ರೇಮಲತಾ ಒಳಗೆ ಇನ್ನೊಂದು ಸಿಮ್ ರೂಟರನ್ನೂ ಡಬ್ಬಿಯನ್ನೂ ಸಿಗಿಸಿ ಬಂದಳು. ಮರುಳಪ್ಪನ ಕ್ಲಿಪ್ಪು ಇನ್ನೂ ಜಾಗದಲ್ಲಿತ್ತು, ಅದರ ಬಗ್ಗೆ ಅವನು ಮೂರು ಜನಕ್ಕೆ ಆಗಲೇ ಹೇಳಿಕೊಂಡಿದ್ದ. ಈ ಸಲ ಟೈಪು ಮಾಡುವಾಗ ಏನನ್ನೂ ಬಿಡಬಾರದು, ಉದ್ದವಾದರೆ ಆಗಲಿ ಎಂದು ಅವಳು ಎರಡು ಸಲ ಓದಿಸಿಕೊಂಡಳು. ದೀಪಾವಳಿಯ ಶುಭಾಶಯ ಅರ್ಧಕ್ಕೆ ನಿಂತಿತು. ಬೋರ್ಡು ಕಪ್ಪಾಯಿತು. ಆಮೇಲೆ ಬಲಗಡೆಯಿಂದ ಅಕ್ಷರಗಳು ಬರತೊಡಗಿದವು.

"ನ್ಯಾಮತಿಯ ಮೈಕ್‌ಸೆಟ್ ಉಚ್ಚಂಗೆಪ್ಪನವರು..."

ಅಕ್ಷಿತಾಳ ತಾಯಿಗೆ ಓದಲು ಬರುತ್ತಿರಲಿಲ್ಲ. ಅಕ್ಷಿತಾ ಜೋರಾಗಿ ಓದಿ ಹೇಳಲು ಹೊರಟಳು, ಆದರೆ ಅಕ್ಷರಗಳು ಅವಳ ಗಂಟಲಿಗಿಂತ ಜೋರಾಗಿ ಓಡುತ್ತಿದ್ದವು. ಎರಡನೇ ಶಬ್ದಕ್ಕೇ ಅವಳು ಹಿಂದೆ ಬಿದ್ದಳು.

"ಸ್ವಲ್ಪ ನಿಧಾನ ಹೋಗಾಕೆ ಹೇಳ್ರಿ ತಾಯಿ ಅದಕ್ಕೆ," ಎಂದ ಉಚ್ಚಂಗೆಪ್ಪ. "ಬಸ್ಸೇನು ತಪ್ಪಲ್ಲ."

ಪ್ರೇಮಲತಾ ಮರುಳಪ್ಪನಿಗೆ ಹೇಳಿದಳು. ವೇಗ ಬದಲಿಸುವ ಗುಂಡಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ. ಒಂದೊಂದಾಗಿ ಒತ್ತಿಸಿದಳು. ಐದನೆಯದಕ್ಕೆ ಅಕ್ಷರಗಳ ನಡಿಗೆ ಸಾವಕಾಶವಾಯಿತು. ಅಕ್ಷಿತಾ ಓದಿದಳು. ತಾಯಿ ಪ್ರತಿ ಶಬ್ದಕ್ಕೂ ಹೂಂ ಎನ್ನುತ್ತಿದ್ದಳು, ಯಾರೋ ಹೇಳುವ ವಿಳಾಸವನ್ನು ಸರಿಯಾಗಿದೆಯೇ ಎಂದು ತಾಳೆ ನೋಡುವವಳಂತೆ. ಪಕ್ಕದ ಹಣ್ಣಿನ ಅಂಗಡಿಯವನು ಎದ್ದು ಬಂದು ನಿಂತ. ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ, "ಓ, ಮೈಕಣ್ಣನಾ? ಯಾವಾಗ?" ಎಂದು ಕೇಳಿದ. ಅಕ್ಷಿತಾ ಹೇಳಿದಳು.

ಉಚ್ಚಂಗೆಪ್ಪ ರೊಟ್ಟಿಯ ಗಂಟು ಬಿಚ್ಚಿ, ನಿಂತವರಿಗೆಲ್ಲ ಒಂದೊಂದು ಕೊಡುತ್ತಾ ಬಂದ. ಕೊನೆಯದು ಪ್ರೇಮಲತಾಳಿಗೆ. ಅವಳು ಕೈಯ ಧೂಳನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಚಟ್ನಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂತು, ಯಾರೂ ತಪ್ಪು ತಿಳಿಯಲಿಲ್ಲ.